ಷಡ್ಡಕನೂ ಸೋರೆ ಬುರುಡೆಯೂ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಸೋರೆ ಬುರುಡೆ ಇದೆ. ‘ಇದೆ’ ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವುಂಟು. ಎರಡು ವರ್ಷದ ಹಿಂದೆ ಒಬ್ಬರು ಅದನ್ನು ಕೇಳಿದಾಗ ನಾನು ‘ಇಲ್ಲ’ ಎಂದುಬಿಟ್ಟಿದ್ದೆ.

ಮೊನ್ನೆ ದೀಪಾವಳಿಗೆ ಮೊದಲು ಮನೆ ಗುಡಿಸಿ ಸಾರಿಸುವಾಗ ಅಟ್ಟ ನನ್ನ ಪಾಲಿಗೆ ಬಂತು. ಐವತ್ತನಾಲ್ಕು ವರ್ಷದ ಗಂಡನನ್ನು ಏಣಿ ಹತ್ತಿಸಿ, ಕೆಳಗೆ ನಿಂತು ‘ಹುಷಾರು, ಹುಷಾರು’ ಎನ್ನುವುದರಲ್ಲಿ ನನ್ನ ಹೆಂಡತಿ ಶಿವಮ್ಮನಿಗೆ ಏನೋ ಒಂದು ಸುಖವಿದೆ. ಹಳೆಯ ಪಂಚಾಂಗಗಳ ಕಟ್ಟು, ಕಿವಿ ಮುರಿದ ಕೊಳಗ, ಮಕ್ಕಳ ತೊಟ್ಟಿಲಿನ ಸರಪಳಿ ಎಲ್ಲವನ್ನೂ ಸರಿಸುತ್ತಿದ್ದಾಗ ಬುರುಡೆ ತಾನಾಗಿ ಉರುಳಿ ಕೆಳಗೆ ಹಾಸಿದ್ದ ಗೋಣಿಚೀಲದ ಮೇಲೆ ಬಿತ್ತು. ಒಡೆಯಲಿಲ್ಲ. ಒಳಗಿನ ಬೀಜಗಳು ಗಲಗಲ ಎಂದವು.

“ಇನ್ನೂ ಮಡಿಕಂಡಿದ್ದೀರಾ ಇದ್ನ? ಆಚ್ಗೆ ಎಸೀಲಾ?” ಎಂದಳು.

“ಬೇಡ. ಇಲ್ಲಿ ಕೊಡು” ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಬುರುಡೆಯನ್ನು ಏಣಿಯ ಮೇಲಕ್ಕೆ ಚಾಚಿದಳು. ಅವಳಿಗೆ ಗೊತ್ತು.

ನಿಮ್ಮಲ್ಲಿ ಪೇಟೆಯಲ್ಲೇ ಬೆಳೆದವರಿಗಾಗಿ ಒಂದು ಮಾತು ಹೇಳಬೇಕು. ಸೋರೆಕಾಯಿಯನ್ನು ಕೀಳದೆ ಬಳ್ಳಿಯಲ್ಲೇ ಬಲಿಯಲು ಬಿಟ್ಟು, ಆಮೇಲೆ ತಿಂಗಳುಗಟ್ಟಲೆ ಒಣಗಿಸಿದರೆ ಕಟ್ಟಿಗೆಯಷ್ಟು ಗಟ್ಟಿಯಾದ ಬುರುಡೆಯಾಗುತ್ತದೆ. ನೀರಿನಲ್ಲಿ ಅದು ಮುಳುಗುವುದೇ ಇಲ್ಲ. ಅದನ್ನು ಹಗ್ಗದಲ್ಲಿ ಮಕ್ಕಳ ಬೆನ್ನಿಗೆ ಕಟ್ಟಿ ಬಾವಿಗೆ ಬಿಡುತ್ತಿದ್ದರು. ನಮ್ಮ ತಾತ ನನ್ನನ್ನು ಬಿಡುತ್ತಿರಲಿಲ್ಲ, ಎಸೆಯುತ್ತಿದ್ದರು. ನಾನು ಮೇಲೆ ಬಂದು ಕೆಮ್ಮುತ್ತಾ ಅಳುವಾಗ ಮೆಟ್ಟಿಲ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಾ, “ಅಳದು ಆಮೇಲೆ ಅಳೀವಂತೆ, ಮೊದ್ಲು ಕಾಲ್ ಬಡಿಲಾ” ಎನ್ನುತ್ತಿದ್ದರು.

ನಮ್ಮಕ್ಕ ಒಂದೇ ಬೇಸಿಗೆಯಲ್ಲಿ ಬುರುಡೆ ಬಿಚ್ಚಿ ಈಜಿದಳು. ನನಗೆ ಎರಡು ಬೇಸಿಗೆ ಬೇಕಾಯಿತು. ಎರಡನೆಯ ಬೇಸಿಗೆಯಲ್ಲಿ ಅವಳು ಮೇಲಿನ ಕಲ್ಲಿನಿಂದ ಧುಮುಕುವುದನ್ನು ನಾನು ಬೆನ್ನ ಮೇಲೆ ಬುರುಡೆ ಹೊತ್ತು ನೋಡಿದ್ದೇನೆ. ಹೊಟ್ಟೆಕಿಚ್ಚು ಎಂಬ ಪದಾರ್ಥವನ್ನು ನಾನು ಮೊದಲು ಕಂಡದ್ದು ಆ ಬಾವಿಯ ನೀರಿನಲ್ಲಿ, ಎಂಟನೆಯ ವಯಸ್ಸಿನಲ್ಲಿ. ಅಂದಿನಿಂದ ಅದು ನನ್ನನ್ನು ಬಿಟ್ಟಿಲ್ಲ. ಯಾರ ಮೇಲೆ ಎಂಬುದು ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಕಳೆದ ಇಪ್ಪತ್ತನಾಲ್ಕು ವರ್ಷಗಳಿಂದ ಅದು ನನ್ನ ಷಡ್ಡಕ ಗುರುಸ್ವಾಮಿಯ ಮೇಲೆ ಸ್ಥಿರವಾಗಿ ನಿಂತಿದೆ.

ಗುರುಸ್ವಾಮಿ ನನ್ನ ಹೆಂಡತಿಯ ತಂಗಿ ಮಂಗಳನ ಗಂಡ. ಇರುವುದು ಚಾಮರಾಜನಗರದಲ್ಲಿ, ಕೆಲಸ ರೇಷ್ಮೆ ಇಲಾಖೆಯಲ್ಲಿ. ಬದನಗುಪ್ಪೆಯ ಕಡೆ, ಇನ್ನೂ ಆಚೆಯ ಹಳ್ಳಿಗಳ ಕಡೆ ಹಿಪ್ಪುನೇರಳೆ ತೋಟ ನೋಡಲು ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರು ಸೈಕಲ್ ತುಳಿಯುತ್ತಾನೆ. ಮೊಪೆಡ್ಡು ತೆಗೆದುಕೊಳ್ಳಯ್ಯ ಎಂದರೆ, “ಅದು ಕೆಟ್ರೆ ತಳ್ಕಂಡು ಬರ್ಬೇಕು, ಇದು ಕೆಡದೇ ಇಲ್ಲ ಕಣಣ್ಣ” ಎನ್ನುತ್ತಾನೆ. ನಾನು ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಪ್ರಪಂಚದ ನದಿಗಳೆಲ್ಲ ನನಗೆ ಗೊತ್ತು, ಆದರೆ ಕುರ್ಚಿಯಿಂದ ಎದ್ದು ನಕ್ಷೆಯವರೆಗೆ ನಡೆಯುವುದೇ ನನ್ನ ಪ್ರಯಾಣ.

ಅವನು ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವನು. ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ. ಮೂರು ಮುದ್ದೆ ಉಂಡು ಎದ್ದರೂ ಬೆಲ್ಟಿನ ತೂತು ಬದಲಾಗುವುದಿಲ್ಲ. ನಾನು ಬರಿಯ ಕಾಫಿ ಕುಡಿದರೂ ಅದು ಹೊಟ್ಟೆಯಲ್ಲೇ ಮನೆ ಮಾಡುತ್ತದೆ. ಇಷ್ಟರ ಮೇಲೆ ಅವನು ಒಳ್ಳೆಯವನು ಬೇರೆ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಅನುಕೂಲವಿತ್ತು. ನನ್ನ ಹೊಟ್ಟೆಕಿಚ್ಚಿಗೆ ಒಂದು ನ್ಯಾಯವಾದ ಕಾರಣ ಕೊಡಿ ಎಂದು ಇಷ್ಟು ವರ್ಷ ಕಾದಿದ್ದೇನೆ, ಆ ಮನುಷ್ಯ ಕೊಟ್ಟಿಲ್ಲ.

ವಯಸ್ಸಿನಲ್ಲಿ ದೊಡ್ಡವನಾದರೂ ಅವನು ನನ್ನನ್ನು ‘ಅಣ್ಣ’ ಎನ್ನಬೇಕು, ‘ನೀವು’ ಎನ್ನಬೇಕು. ನಾನು ಹಿರಿಯ ಮಗಳ ಗಂಡ, ಹಿರಿ ಅಳಿಯ. ಈ ಒಂದು ವಿಷಯದಲ್ಲಿ ದೇವರು ನನ್ನ ಕಡೆ ಇದ್ದ. ಬೇಗೂರಿನಲ್ಲಿರುವ ನಮ್ಮ ಮಾವನ ಮನೆಯಲ್ಲಿ ಈ ಹಿರಿತನಕ್ಕೆ ಬಲವಾದ ಕಾನೂನುಗಳಿವೆ. ಹಬ್ಬದ ದಿನ ಎಣ್ಣೆ ಮೊದಲು ನನ್ನ ತಲೆಗೆ. ಊಟದ ಸಾಲಿನ ಮೊದಲನೆಯ ಎಲೆ ನನ್ನದು, ಎರಡನೆಯದು ಅವನದು, ಆಮೇಲೆ ಬಾಮೈದಂದಿರು, ನೆಂಟರು. ಮಾವನವರು ಅಳಿಯಂದಿರ ಜೊತೆ ಕೂರುವುದಿಲ್ಲ, ಕಂಬಕ್ಕೆ ಒರಗಿ ನಿಂತು ಬಡಿಸುವವರ ಮೇಲೆ ಕಣ್ಣಿಟ್ಟಿರುತ್ತಾರೆ. ಹಿರಿ ಅಳಿಯ ಏಳುವ ತನಕ ಸಾಲಿನಲ್ಲಿ ಯಾರೂ ಏಳುವ ಹಾಗಿಲ್ಲ. ಅವನು ಎದ್ದನೆಂದರೆ ಊಟ ಮುಗಿಯಿತು, ಎಲ್ಲರೂ ಏಳಬೇಕು. ಎಲೆಯ ಮೇಲೆ ಏನು ಮಿಕ್ಕಿದ್ದರೂ ಸರಿ.

ಈ ಕಾನೂನನ್ನು ನಾನು ಹೇಗೆ ಉಪಯೋಗಿಸಿಕೊಂಡೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಗುರುಸ್ವಾಮಿಗೆ ಮಜ್ಜಿಗೆ ಅನ್ನವೆಂದರೆ ಪ್ರಾಣ. ಒಬ್ಬಟ್ಟು, ಕಾಯಿಹಾಲು, ಪಾಯಸ ಎಲ್ಲ ಅವನಿಗೆ ಮುನ್ನುಡಿ ಮಾತ್ರ. ಕೊನೆಗೆ ಅನ್ನ ಹಾಕಿಸಿಕೊಂಡು, ಮಜ್ಜಿಗೆ ಹುಯ್ಯಿಸಿಕೊಂಡು, ಉಪ್ಪಿನಕಾಯಿಯನ್ನು ಎಲೆಯ ಅಂಚಿನಲ್ಲಿ ಸರಿಯಾಗಿ ಇಟ್ಟುಕೊಂಡು, ತೋಳನ್ನು ಸ್ವಲ್ಪ ಮೇಲಕ್ಕೆಳೆದು ಕೈ ಹಾಕುತ್ತಾನೆ. ನಾನು ಅವಸರದಲ್ಲಿ ನನ್ನದನ್ನು ಮುಗಿಸಿ, ಸರಿಯಾಗಿ ಅವನು ಕೈ ಹಾಕುವ ಹೊತ್ತಿಗೆ ಎದ್ದುಬಿಡುತ್ತಿದ್ದೆ. ಅವನು ಒಂದು ಮಾತಾಡದೆ ಎಲೆ ಮಡಚಿ ಏಳುತ್ತಿದ್ದ. ವರ್ಷಕ್ಕೆ ಮೂರು ನಾಲ್ಕು ಹಬ್ಬ, ಇಪ್ಪತ್ತು ಚಿಲ್ಲರೆ ವರ್ಷ. ಎಷ್ಟು ಎಲೆಯ ಮಜ್ಜಿಗೆ ಅನ್ನ ಹಸುವಿನ ಕಲಗಚ್ಚಿನ ಬಾನಿಗೆ ಹೋಯಿತೋ.

ನಮ್ಮದು ಹೊಸ ಜಿಲ್ಲೆಯಾಯಿತಲ್ಲ, ಆ ಹುರುಪಿನಲ್ಲಿ ಊರಿನ ಕೆಲವು ಉತ್ಸಾಹಿಗಳು ಸೇರಿ ಒಂದು ಪಂದ್ಯ ಏರ್ಪಡಿಸಿದರು. ಈಜು, ಸೈಕಲ್ಲು, ಓಟ ಮೂರೂ ಒಂದೇ ದಿನ, ಒಂದರ ಹಿಂದೆ ಒಂದು. ಗುಂಡ್ಲುಪೇಟೆಯ ಆಚೆಯ ಕೆರೆಯನ್ನು ಒಂದು ದಡದಿಂದ ಇನ್ನೊಂದು ದಡಕ್ಕೆ ಈಜಿ ವಾಪಸ್ಸು ಬರಬೇಕು. ಅಲ್ಲಿಂದ ಸೈಕಲ್ಲಿನಲ್ಲಿ ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಹೋಗಿ ಮತ್ತೆ ಗುಂಡ್ಲುಪೇಟೆಗೆ ಬರಬೇಕು. ಆಮೇಲೆ ಬೇಗೂರಿನ ಶಾಲೆಯ ಮೈದಾನದವರೆಗೆ ಓಟ. ಇದಕ್ಕೊಂದು ಇಂಗ್ಲಿಷ್ ಹೆಸರಿತ್ತು, ನಾಲಿಗೆ ತಿರುಗದೆ ಎಲ್ಲರೂ ‘ಮೂರಾಟ’ ಎಂದರು. ಐವತ್ತು ದಾಟಿದವರಿಗೆ ಬೇರೆ ಬಹುಮಾನ, ಒಂದು ಶಾಲು.

ಈ ಸುದ್ದಿ ಮಾವನ ಮನೆಯ ಜಗಲಿಗೆ ಬಂದ ದಿನ ನಾವಿಬ್ಬರೂ ಅಲ್ಲಿದ್ದೆವು. ಮಾವನವರು ಗುರುಸ್ವಾಮಿಯ ತೋಳು ಹಿಸುಕಿ ನೋಡಿ, “ನಮ್ ಗುರುಸ್ವಾಮಿ ಓಗ್ಬೋದು ಕಣ. ಇವ್ನಿಗಲ್ದೆ ಇನ್ಯಾರ್ಗಾದದು?” ಎಂದರು. ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ನೋಡಿ ಬೇಡವೆಂದಿದ್ದರೆ ನಾನು ಸುಮ್ಮನಿರುತ್ತಿದ್ದೆ.

“ನಾನೂ ಸೇರ್ತೀನಿ” ಎಂದೆ.

ಕಾಫಿ ಕುಡಿಯುತ್ತಿದ್ದ ಮಂಗಳನಿಗೆ ನೆತ್ತಿಗೇರಿತು. ಶಿವಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಗುರುಸ್ವಾಮಿ ಒಬ್ಬನೇ, “ಸೇರಿ ಅಣ್ಣ, ಜೊತೆಗಾಯ್ತದೆ” ಎಂದ. ಆ ‘ಜೊತೆಗಾಯ್ತದೆ’ ಎಂಬುದು ನನ್ನ ಮೈಯನ್ನೆಲ್ಲ ಉರಿಸಿತು. ನನಗೆ ಜೊತೆ ಬೇಕಿರಲಿಲ್ಲ. ಒಂದೇ ಒಂದು ಸಲ, ಮಾವನವರ ಕಣ್ಣೆದುರು, ನನ್ನ ಸ್ವಂತ ಕಾಲಿನ ಮೇಲೆ ಅವನಿಗಿಂತ ಮುಂದೆ ಹೋಗಬೇಕಿತ್ತು. ಹಿರಿ ಅಳಿಯನೆಂದು ಅಲ್ಲ, ನಾನೆಂದು. ಆ ಆಸೆ ಎಷ್ಟು ಬಲವಾಗಿ ಹಿಡಿಯಿತೆಂದರೆ ಅವತ್ತೇ ನಾನು ಎರಡನೆಯ ಒಬ್ಬಟ್ಟು ಬೇಡ ಎಂದೆ.

ಮೂರು ತಿಂಗಳ ನನ್ನ ತಾಲೀಮನ್ನು ಗುಂಡ್ಲುಪೇಟೆ ಇನ್ನೂ ಮರೆತಿಲ್ಲ. ಮೊದಲ ಸಮಸ್ಯೆ ಚಡ್ಡಿಯದು. ಮೂವತ್ತು ವರ್ಷ ಪಾಠ ಹೇಳಿದ ಊರಿನಲ್ಲಿ ಮೇಷ್ಟ್ರು ಚಡ್ಡಿಯಲ್ಲಿ ಓಡುವುದು ಹೇಗೆ? ಬೆಳಗಿನ ಜಾವ ಚಡ್ಡಿಯ ಮೇಲೆ ಪಂಚೆ ಉಟ್ಟು ಗಂಭೀರವಾಗಿ ನಡೆದುಕೊಂಡು ಹೋಗಿ, ಊರಿನ ಕೊನೆಯ ಮನೆ ದಾಟಿದ ಮೇಲೆ ಪಂಚೆ ಬಿಚ್ಚಿ ಹುಣಸೆಮರದ ಕೊಂಬೆಗೆ ಸಿಕ್ಕಿಸಿ ಓಡುತ್ತಿದ್ದೆ. ಒಂದು ದಿನ ಬರುವಷ್ಟರಲ್ಲಿ ಪಂಚೆ ಇರಲಿಲ್ಲ. ಅವತ್ತು ಮನೆಗೆ ಹೇಗೆ ಬಂದೆ ಎಂಬುದನ್ನು ಕೇಳಬೇಡಿ.

ಎರಡನೆಯ ಸಮಸ್ಯೆ, ನಮ್ಮ ಕಡೆ ಕಾರಣವಿಲ್ಲದೆ ಯಾರೂ ಓಡುವುದಿಲ್ಲ. ದನ ಹೊಡೆದುಕೊಂಡು ಬರುತ್ತಿದ್ದ ಮುದುಕಿಯೊಬ್ಬಳು ನನ್ನನ್ನು ತಡೆದು, “ಯಾರ್ಗೇನಾಯ್ತಪ್ಪ? ಇಂಗ್ ಓಡ್ತಿದ್ದೀಯಲ್ಲ” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಅದಾದ ಎರಡು ದಿನಕ್ಕೆ ಬೇಗೂರು ರಸ್ತೆಯಲ್ಲಿ ಹಿಂದಿನಿಂದ ಬಂದ ಮೈಸೂರು ಬಸ್ಸು ನನ್ನನ್ನು ದಾಟಿ ನಿಂತಿತು. ಕಂಡಕ್ಟರು ನನ್ನ ಹಳೆಯ ವಿದ್ಯಾರ್ಥಿ. ಬಾಗಿಲಲ್ಲಿ ನೇತುಬಿದ್ದು, “ಬನ್ನಿ ಸಾರ್, ಬನ್ನಿ. ನಿಲ್ಸೀವ್ನಿ, ಓಡ್ಬ್ಯಾಡಿ” ಎಂದು ಕೂಗಿದ.

“ಬಸ್ಸಿಗಲ್ಲಪ್ಪ. ಸುಮ್ಮನೆ ಓಡ್ತಿದ್ದೀನಿ.”

“ಸುಮ್ನೆ ಯಾರಾದ್ರೂ ಓಡಾರಾ ಸಾರ್? ನಾಚ್ಕಬ್ಯಾಡಿ, ಬಸ್ ಅತ್ತಿ.”

ಕಿಟಕಿಯಲ್ಲಿ ಮೂವತ್ತು ಮುಖಗಳು. ಎಲ್ಲರಿಗೂ ಹೊತ್ತಾಗುತ್ತಿದೆ. ಡ್ರೈವರು ಹಾರನ್ನು ಒತ್ತಿದ. ನಾನು ಹತ್ತಿದೆ. ಸಮಾಧಾನದ ವಿಷಯವೆಂದರೆ ಕೂರಲು ಸೀಟು ಸಿಕ್ಕಿತು. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ಸು ಓಡಿದೆ. ಈ ಸುದ್ದಿ ನನಗಿಂತ ಬೇಗ ಚಾಮರಾಜನಗರ ತಲುಪಿತು. ಮುಂದಿನ ಸಲ ಸಿಕ್ಕಾಗ ಮಂಗಳ, “ಭಾವ ಬಸ್ಸಲ್ಲಿ ಕುಂತ್ಕಂಡು ಓಡದ ಕಲೀತಾವ್ರಂತೆ” ಎಂದು ನಕ್ಕಳು. ಗುರುಸ್ವಾಮಿ ಅವಳನ್ನು ಗದರಿಸಿದ. ಅವಳ ನಗುವನ್ನು ಸಹಿಸಿಕೊಳ್ಳಬಹುದಿತ್ತು. ಇವನು ನನ್ನ ಪರವಾಗಿ ಗದರಿಸಿದ್ದನ್ನು ಸಹಿಸಿಕೊಳ್ಳುವುದು ಕಷ್ಟವಾಯಿತು.

ಸೈಕಲ್ಲಿನಲ್ಲಿ ಅವನನ್ನು ಮುಟ್ಟುವುದು ಸಾಧ್ಯವಿಲ್ಲವೆಂದು ಗೊತ್ತಿದ್ದೂ ನಾನು ಮೈಸೂರಿನಿಂದ ಗೇರಿನ ಸೈಕಲ್ಲು ತರಿಸಿದೆ. ಅದರ ಹ್ಯಾಂಡಲು ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿತ್ತು. ಅದನ್ನು ಹಿಡಿದು ಬಗ್ಗಿದರೆ ನನ್ನ ಹೊಟ್ಟೆ ತೊಡೆಗೆ ತಗಲುತ್ತಿತ್ತು, ಪ್ರತಿ ಪೆಡಲಿಗೂ ತೊಡೆ ಹೊಟ್ಟೆಯನ್ನು ಒದೆಯುತ್ತಿತ್ತು. ಓಟದಲ್ಲಿಯೂ ನಾನು ಹೇಳಿಕೊಳ್ಳುವಂಥವನಲ್ಲ. ಉಳಿದದ್ದು ಈಜು. ಈಜು ಮಾತ್ರ ಗುರುಸ್ವಾಮಿಗೆ ಬರುತ್ತಿರಲಿಲ್ಲ. ಮೊಣಕಾಲು ಮೀರಿದ ನೀರಿಗೆ ಅವನು ಇಳಿದವನೇ ಅಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ತಾತನ ಮೇಲೆ ಪ್ರೀತಿ ಉಕ್ಕುತ್ತಿತ್ತು.

ಆದರೆ ಬಾವಿಯ ಈಜೇ ಬೇರೆ, ಕೆರೆಯ ಈಜೇ ಬೇರೆ. ಬಾವಿಯಲ್ಲಿ ನಾಲ್ಕು ಸಲ ಕೈ ಹಾಕಿದರೆ ಗೋಡೆ ಬರುತ್ತದೆ, ಗೋಡೆಯ ಪಕ್ಕದಲ್ಲೇ ತಿರುಗುತ್ತಾ ಸುತ್ತುತ್ತಿರಬೇಕು. ನನ್ನ ಮೈಗೆ ಅದೇ ಅಭ್ಯಾಸವಾಗಿತ್ತು. ಮೊದಲ ದಿನ ಕೆರೆಗಿಳಿದು ಕಣ್ಣು ಮುಚ್ಚಿ ಅರ್ಧ ಗಂಟೆ ಈಜಿ, ಆಚೆ ದಡ ಬಂದಿರಬೇಕೆಂದು ತಲೆಯೆತ್ತಿದರೆ ಎದುರಿಗೆ ನನ್ನದೇ ಪಂಚೆ, ನನ್ನದೇ ಚಪ್ಪಲಿ. ಹರಿಗೋಲಿನಲ್ಲಿ ಮೀನಿಗೆ ಬಲೆ ಬಿಡುತ್ತಿದ್ದ ಚಿಕ್ಕಮಾದ ಇದನ್ನೆಲ್ಲ ನೋಡುತ್ತಿದ್ದ.

“ಗಾಣದೆತ್ತು ಸುತ್ದಂಗೆ ಸುತ್ತಿದ್ರಿ ಮೇಷ್ಟ್ರೇ. ಆ ದಡದ ಬಂಡೆ ಕಾಣ್ತದಲ್ಲ, ಅದ್ರ ಮ್ಯಾಲೆ ಕಣ್ಣಿಡಿ. ಮುಚ್ಬ್ಯಾಡಿ” ಎಂದ.

ತಿಂಗಳೊಳಗೆ ನಾನು ಬಂಡೆಯ ಮೇಲೆ ಕಣ್ಣಿಟ್ಟು ನೇರವಾಗಿ ಈಜತೊಡಗಿದೆ. ಅದೇ ಸಮಯಕ್ಕೆ ಒಂದು ಶನಿವಾರ ಗುರುಸ್ವಾಮಿ ನಮ್ಮ ಮನೆಗೆ ಬಂದ.

ಅರ್ಧ ದಿನದ ಶಾಲೆ ಮುಗಿಸಿ ನಾನು ಬರುವ ಹೊತ್ತಿಗೆ ಅವನು ಹಜಾರದಲ್ಲಿ ನಿಂತು ತಲೆಗೂದಲ ಧೂಳು ಒದರಿಕೊಳ್ಳುತ್ತಿದ್ದ. ನೆಲದ ಮೇಲೆ ದೊಡ್ಡ ಕೊಳಗ ಇತ್ತು. ಊಟವಾಯಿತು. ಎಲೆಅಡಿಕೆ ತಟ್ಟೆ ಮುಂದಿಟ್ಟುಕೊಂಡು ಅವನು ಒಂದು ಎಲೆಯ ತೊಟ್ಟು ಮುರಿದ. ಆಮೇಲೆ ಹೇಳಿದ.

“ಅಣ್ಣ, ನಂಗೆ ಒಂದೀಟು ಈಜು ಕಲ್ಸ್ಕೊಡಿ. ನೀರು ಅಂದ್ರೆ ಎದೆ ಡವಡವ ಅಂತದೆ. ಬಾನುವಾರ ಬಾನುವಾರ ಬತ್ತೀನಿ.”

“ಭಾನುವಾರ ನನಗೆ ಪರೀಕ್ಷೆ ಪೇಪರಿನ ಕೆಲಸ ಇರುತ್ತಲ್ಲಪ್ಪ” ಎಂದೆ.

“ಓಗ್ಲಿ, ನಿಮ್ ತಾತ ಕಟ್ತಿದ್ರು ಅಂತಿದ್ರಲ್ಲ, ಆ ಬುರುಡೆ. ಅದ್ನಾದ್ರೂ ಕೊಡಿ. ನಮ್ ಕಡೆ ಬಾವೀಲಿ ನಾನೇ ಕಟ್ಕಂಡು ಆಡ್ತೀನಿ.”

“ಅದೆಲ್ಲಿದೆ? ಯಾವಾಗ್ಲೋ ಒಡೆದುಹೋಯ್ತು.”

ಇದನ್ನು ಹೇಳುವುದಕ್ಕೆ ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಅಡುಗೆಮನೆಯಲ್ಲಿ ಶಿವಮ್ಮನ ಪಾತ್ರೆಗಳ ಸದ್ದು ನಿಂತಿತು. ಗುರುಸ್ವಾಮಿ ನನ್ನನ್ನು ನೋಡಿದ, ಎಲೆಗೆ ಸುಣ್ಣ ಸವರಿದ, “ಓಗ್ಲಿ ಬುಡಿ ಅಣ್ಣ. ಹಳೇದು, ಎಷ್ಟ್ ದಿನಾಂತ ಇರ್ತದೆ” ಎಂದ. ಸ್ವಲ್ಪ ಹೊತ್ತಿಗೆ ಸೈಕಲ್ಲು ಹತ್ತಿ ಚಾಮರಾಜನಗರದ ದಾರಿ ಹಿಡಿದ. ಅವನು ರಸ್ತೆ ತಿರುಗಿ ಮರೆಯಾಗುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ. ಕೂಗಿ ಕರೆಯಬೇಕೆನಿಸಿತ್ತು, ಕರೆಯಲಿಲ್ಲ.

ಶಿವಮ್ಮ ಸಂಜೆ ದೀಪ ಹಚ್ಚುವಾಗ ಒಂದೇ ಮಾತು ಕೇಳಿದಳು. “ಬುರುಡೆ ಅಟ್ಟದ ಮ್ಯಾಗ್ಲೇ ಅದಲ್ಲ?”

“ಅದು ಬೇರೆ ಬುರುಡೆ” ಎಂದೆ. ನಮ್ಮ ಮನೆಯಲ್ಲಿ ಎಷ್ಟು ಬುರುಡೆಗಳಿವೆ ಎಂಬುದು ಅವಳಿಗೆ ಗೊತ್ತಿಲ್ಲವೇ? ಎರಡು ದಿನ ಅವಳು ನನಗೆ ಬಡಿಸಿದಳು, ಮಾತಾಡಿಸಲಿಲ್ಲ.

ಪಂದ್ಯದ ಭಾನುವಾರ ಕೆರೆಯ ದಡದಲ್ಲಿ ನಾವು ಹತ್ತೊಂಬತ್ತು ಜನ. ಹದಿನೇಳು ಹುಡುಗರು, ಇಬ್ಬರು ಷಡ್ಡಕರು. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಗುರುಸ್ವಾಮಿ ಯಾರದೋ ತೋಟದ ಬಾವಿಯಲ್ಲಿ ಬಾಳೆದಿಂಡು ಹಿಡಿದುಕೊಂಡು ಒಬ್ಬನೇ ಈಜು ಕಲಿತು ಬಂದಿದ್ದ. ನೀರಿಗಿಳಿಯುವ ಮೊದಲು ಅವನು ಒಂದು ಕಾಲಿಟ್ಟು ಮತ್ತೆ ಎಳೆದುಕೊಂಡದ್ದನ್ನು ಕಂಡೆ. ಅದು ಚಳಿಗೆ ಅಲ್ಲ ಎಂದು ನನಗೆ ಗೊತ್ತಿತ್ತು. ನಾನು ಬಂಡೆಯ ಮೇಲೆ ಕಣ್ಣಿಟ್ಟೆ.

ಈಜಿನಲ್ಲಿ ನಾನು ಹುಡುಗರ ನಡುವೆಯೇ ದಡ ಮುಟ್ಟಿದೆ. ತಿರುಗಿ ನೋಡಿದರೆ ಗುರುಸ್ವಾಮಿ ಇನ್ನೂ ಕೆರೆಯ ಮಧ್ಯದಲ್ಲಿ ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿದು ನಾಯಿಯ ಹಾಗೆ ಕಾಲು ಬಡಿಯುತ್ತಿದ್ದ. ಪಕ್ಕದಲ್ಲೇ ಚಿಕ್ಕಮಾದನ ಹರಿಗೋಲು. ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಸೈಕಲ್ಲು ಹತ್ತಿ ತೆರಕಣಾಂಬಿ ದಾಟುವವರೆಗೂ ಬೆನ್ನ ಹಿಂದೆ ಯಾರೂ ಇಲ್ಲದ ರಸ್ತೆಯನ್ನು ತಿರುಗಿ ತಿರುಗಿ ನೋಡಿದೆ. ಹಾಗೆ ತಿರುಗುವಾಗ ಎರಡು ಸಲ ಬೀಳುವುದರಲ್ಲಿದ್ದೆ. ತೆರಕಣಾಂಬಿ ದಾಟಿದ ಮೇಲೆ ದೂರದಲ್ಲಿ ಒಂದು ಚುಕ್ಕೆ ಕಾಣಿಸಿತು. ಚುಕ್ಕೆ ದೊಡ್ಡದಾಯಿತು. ಹಸಿರು ಬಣ್ಣದ, ಹಿಂದೆ ಕ್ಯಾರಿಯರ್ ಇದ್ದ, ಒಂದೇ ಸಮನೆ ಕಿಚಕಿಚ ಎನ್ನುವ ಆ ಹಳೆಯ ಸೈಕಲ್ಲು ನನ್ನ ಪಕ್ಕಕ್ಕೆ ಬಂತು.

“ಅಣ್ಣ, ಮದ್ಯ ಮದ್ಯ ನೀರ್ ಕುಡೀರಿ. ಬಿಸ್ಲು ಏರ್ತದೆ” ಎಂದು ಹೇಳಿ ಮುಂದೆ ಹೋದ. ಅವನಿಗೆ ಏದುಸಿರು ಕೂಡ ಇರಲಿಲ್ಲ.

ಅಲ್ಲಿಂದ ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ನಾನು ಚಾಮರಾಜನಗರ ಮುಟ್ಟುವ ಮೊದಲೇ ಅವನು ವಾಪಸ್ಸು ಬರುತ್ತಾ ಎದುರಾದ, ಕೈಯೆತ್ತಿದ. ನಾನು ಎತ್ತಲಿಲ್ಲ. ಗುಂಡ್ಲುಪೇಟೆಯಲ್ಲಿ ಸೈಕಲ್ಲಿಳಿದಾಗ ಕಾಲು ನನ್ನವೆನಿಸಲಿಲ್ಲ. ಓಟವೆಂದು ಹೊರಟದ್ದು ಸ್ವಲ್ಪ ಹೊತ್ತಿಗೆ ನಡಿಗೆಯಾಯಿತು, ನಡಿಗೆ ಕುಂಟುವುದಾಯಿತು. ಬಸ್ಸುಗಳು ದಾಟಿ ಹೋದವು. ಅವತ್ತು ಒಂದೂ ನಿಲ್ಲಲಿಲ್ಲ. ಇಷ್ಟು ಹೊತ್ತಿಗೆ ಅವನು ಶಾಲು ಹೊದ್ದು ಮಾವನವರ ಪಕ್ಕದಲ್ಲಿ ನಿಂತಿರುತ್ತಾನೆ ಎಂದುಕೊಂಡು ನಡೆದೆ. ಆ ಚಿತ್ರವನ್ನು ಮನಸ್ಸಿನಲ್ಲಿ ಎಷ್ಟು ಸಲ ನೋಡಿದೆನೋ.

ಬೇಗೂರು ಶುರುವಾಗುವ ಕಡೆ ಒಂದು ಟೀ ಅಂಗಡಿ ಇದೆ. ಅದರ ಮುಂದಿನ ಕಲ್ಲುಬೆಂಚಿನ ಮೇಲೆ ಗುರುಸ್ವಾಮಿ ಕೂತಿದ್ದ. ಪಕ್ಕದಲ್ಲಿ ಖಾಲಿಯಾದ ಎರಡು ಟೀ ಗ್ಲಾಸು. ಶಾಲೆಯ ಮೈದಾನ ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರ. ನನ್ನನ್ನು ಕಂಡು ಎದ್ದು ನಿಂತ.

“ಯಾಕೆ ಕೂತೆ? ಕಾಲು ಹಿಡ್ಕೊಳ್ತಾ?” ಎಂದೆ. ನನ್ನ ದನಿಯಲ್ಲಿದ್ದ ಆಸೆ ನನಗೇ ಕೇಳಿಸಿತು.

“ಕಾಲ್ಗೇನಾಗದೆ? ನಿಮ್ಗೇ ಕಾಯ್ತಿದ್ದೆ. ಮಾವನ ಮುಂದ್ಕೆ ನಿಮ್ಗಿಂತ ಮುಂಚೆ ನಾನ್ ಓಗಿ ನಿಂತ್ಕಂಡ್ರೆ ಚೆಂದಾಗಿದ್ದದಾ? ನೀವು ಏಳೋಗಂಟ ನಾನು ಎಲೆ ಬುಟ್ಟು ಯಾವತ್ತಾದ್ರೂ ಎದ್ದಿದ್ದೀನಾ ಅಣ್ಣ? ಓಗಿ, ನೀವು ಮುಂದೆ ಓಗಿ.”

ವ್ಯಂಗ್ಯವಿದೆಯೇ ಎಂದು ಮುಖ ನೋಡಿದೆ. ಇರಲಿಲ್ಲ. ಅಲ್ಲಿ ನಾನು ಏನು ಹೇಳಬೇಕಿತ್ತು ಎಂಬುದನ್ನು ಆಮೇಲೆ ನೂರು ಸಲ ಯೋಚಿಸಿದ್ದೇನೆ. ‘ಇಲ್ಲ ಕಣಪ್ಪ, ಗೆದ್ದವನು ನೀನು, ನಡಿ’ ಎನ್ನಬಹುದಿತ್ತು. ‘ಬಾ, ಇಬ್ಬರೂ ಒಟ್ಟಿಗೆ ಹೋಗೋಣ’ ಎಂದಾದರೂ ಎನ್ನಬಹುದಿತ್ತು. ನಾನು ಏನೂ ಹೇಳದೆ ಅವನನ್ನು ದಾಟಿ ಮುಂದೆ ಹೋದೆ. ಅಷ್ಟು ಹೊತ್ತು ಇಲ್ಲದ ಓಟ ಕಾಲಿಗೆ ಎಲ್ಲಿಂದ ಬಂತೋ. ಇಪ್ಪತ್ತು ಹೆಜ್ಜೆ ಬಿಟ್ಟು ಅವನು ಹಿಂದೆ ಬರುತ್ತಿದ್ದ. ಅವನ ಹೆಜ್ಜೆ ನನಗೆ ಕೇಳಿಸುತ್ತಿತ್ತು.

ಮೈದಾನದಲ್ಲಿ ಮಾವನವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಇಬ್ಬರು ಅಳಿಯಂದಿರಲ್ಲಿ ಮೊದಲು ಬರುತ್ತಿರುವವನು ಯಾರೆಂದು ಅವರಿಗೆ ನಂಬಿಕೆಯಾಗಲು ಸ್ವಲ್ಪ ಹೊತ್ತು ಹಿಡಿಯಿತು. “ನಮ್ ಹಿರಿ ಅಳೀಮಯ್ಯ ಕಣ್ರಪ್ಪ” ಎಂದು ಪಕ್ಕದವರಿಗೆಲ್ಲ ಹೇಳಿದರು. ಶಾಲು ಹೊದಿಸಿದರು. ಮಂಗಳ ಬಸ್ಸಿನ ಮಾತೆತ್ತಲಿಲ್ಲ. ಶಿವಮ್ಮ ಮಾತ್ರ ನನ್ನನ್ನು ಬಿಟ್ಟು, ನನ್ನ ಹಿಂದೆ ಆರಾಮಾಗಿ ಉಸಿರಾಡುತ್ತಾ ಬಂದ ಗುರುಸ್ವಾಮಿಯನ್ನು ನೋಡುತ್ತಿದ್ದಳು. ನನಗೆ ನಿಜವಾಗಿಯೂ ಸಂತೋಷವಾಗಿತ್ತು. ಅದು ಊಟಕ್ಕೆ ಕೂರುವವರೆಗೆ ಇತ್ತು.

ಮಾವನ ಮನೆಯ ಊಟದ ಸಾಲಿನಲ್ಲಿ ಮೊದಲ ಎಲೆ ನನ್ನದು, ಎರಡನೆಯದು ಅವನದು. ಚಕ್ಕಳಮಕ್ಕಳ ಹಾಕಿ ಕೂತು ಉಂಡೆ. ಉಂಡಾದ ಮೇಲೆ ಏಳಲು ಹೋದರೆ ಕಾಲು ಬರಲಿಲ್ಲ. ಸೊಂಟದಿಂದ ಕೆಳಗೆ ನೆಲಕ್ಕೆ ಹೂತ ಹಾಗೆ ಹಿಡಿದುಕೊಂಡಿತ್ತು. ಕಾನೂನು ಕಾನೂನೇ. ಸಾಲಿನಲ್ಲಿದ್ದ ಹದಿನೈದು ಜನ ಖಾಲಿ ಎಲೆಯ ಮುಂದೆ ಕೈ ಒಣಗಿಸಿಕೊಂಡು ಕೂತರು. ಗೆದ್ದ ಅಳಿಯ ಇನ್ನೂ ಉಣ್ಣುವ ಮನಸ್ಸಿನಲ್ಲಿದ್ದಾನೆಂದು ಮಾವನವರು, “ಅನ್ನ ತಕ್ಕಬನ್ರೋ ಅಳೀಮಯ್ಯಂಗೆ” ಎಂದರು. ನನಗೆ ಬೆವರು ಬಂತು.

ಅವತ್ತು ಮೊದಲ ಸಲ ಗುರುಸ್ವಾಮಿ ಮಜ್ಜಿಗೆ ಅನ್ನವನ್ನು ಪೂರ್ತಿ ಉಂಡಿದ್ದ. ಅವನು ನನ್ನ ಕಡೆ ಬಗ್ಗಿ ಮೆಲ್ಲಗೆ, “ಕಾಲ್ ಹಿಡ್ಕಂಡದಾ? ಗಾಬ್ರಿ ಬೀಳ್ಬ್ಯಾಡಿ. ನನ್ ಭುಜದ ಮ್ಯಾಲೆ ಕೈ ಮಡಗಿ. ಮಾತಾಡ್ತಾ ಎದ್ದಂಗೆ ಏಳನ” ಎಂದ. ಕೈಯಿಟ್ಟೆ. ಅವನು ಯಾರಿಗೂ ಕಾಣದ ಹಾಗೆ ಎತ್ತುತ್ತಾ, ಮಾತಾಡಬೇಕಲ್ಲ, ಅದಕ್ಕೇ ಎಂಬಂತೆ ಹೇಳಿದ.

“ಆ ಬುರುಡೆ ಜೋಪಾನ ಅಣ್ಣ. ಅಟ್ಟದಲ್ಲಿ ಇಲಿ ಅವೆ. ಅವತ್ತು ನಿಮ್ಮನೇಲಿ ಶಿವಮ್ಮಕ್ಕ ಕೊಳಗ ಇಳಿಸ್ಕೊಡು ಅಂದಿದ್ರು, ಏಣಿ ಅತ್ತಿದ್ದೆ. ಆಗ್ಲೇ ನೋಡ್ದೆ. ಚೆಂದಾಗದೆ.”

ಹಾಗಾದರೆ ಅದು ಅಲ್ಲಿದೆಯೆಂದು ಕಣ್ಣಾರೆ ನೋಡಿ, ಕೆಳಗಿಳಿದು, ಧೂಳು ಒದರಿಕೊಂಡು, ಊಟ ಮಾಡಿ, ಆಮೇಲೆ ನನ್ನನ್ನು ಕೇಳಿದ್ದ. ಒಡೆದುಹೋಯ್ತು ಎಂದು ನಾನು ಹೇಳುವಾಗ ಅವನ ತಲೆಯಲ್ಲಿ ಆ ಬುರುಡೆಯದೇ ಧೂಳಿತ್ತು. ಅದನ್ನೆಲ್ಲ ಇಟ್ಟುಕೊಂಡು ಅವನು ಟೀ ಅಂಗಡಿಯ ಮುಂದೆ ನನಗಾಗಿ ಕಾದಿದ್ದ. ನಾನು ಎದ್ದು ನಿಂತಿದ್ದೆ, ಆದರೆ ಆ ಮನೆಯಲ್ಲಿ ಅಷ್ಟು ಚಿಕ್ಕವನಾಗಿ ನಾನು ಹಿಂದೆಂದೂ ನಿಂತಿರಲಿಲ್ಲ. ಶಾಲು ಈಗ ಟ್ರಂಕಿನಲ್ಲಿದೆ. ಒಂದು ದಿನವೂ ಹೊದೆಯಲಿಲ್ಲ.

ಇದಾಗಿ ಎರಡು ವರ್ಷ. ಈ ಸಲದ ದೀಪಾವಳಿಗೆ ನಾನು ಬುರುಡೆಯನ್ನು ಒರೆಸಿ, ಹೊಸ ಹಗ್ಗ ಕಟ್ಟಿ, ಚೀಲದಲ್ಲಿ ಹಾಕಿಕೊಂಡು ಬೇಗೂರಿಗೆ ಹೋದೆ. ಶಿವಮ್ಮ ದಾರಿಯುದ್ದಕ್ಕೂ ಚೀಲವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಜಗಲಿಯಲ್ಲಿ ಗುರುಸ್ವಾಮಿಯ ಮುಂದೆ ಅದನ್ನು ಇಟ್ಟೆ.

“ಬುರುಡೆ ಒಡೆದಿರಲಿಲ್ಲ ಕಣಪ್ಪ. ನಾನು ಸುಳ್ಳು ಹೇಳಿದ್ದೆ” ಎಂದೆ.

“ಓಗ್ಲಿ ಬುಡಿ ಅಣ್ಣ.”

“ನಿನ್ನದು ಇನ್ನೂ ನಾಯಿ ಈಜು. ನಾಳೆ ಬೆಳಿಗ್ಗೆ ಮಾವನ ತೋಟದ ಬಾವಿಗೆ ಹೋಗನ.”

“ಐವತ್ತಾರಕ್ಕೆ ಈಜು ಕಲ್ತು ಏನ್ ಮಾಡನ?” ಎಂದು ನಕ್ಕ. ಆದರೆ ಬುರುಡೆಯನ್ನು ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳಿದ.

ಮರುದಿನ ಬೆಳಿಗ್ಗೆ ಅವನ ಬೆನ್ನಿಗೆ ಕಟ್ಟಿ ನೀರಿಗೆ ಬಿಟ್ಟೆ. ನಾನು ತಾತನ ಹಾಗೆ ಮೆಟ್ಟಿಲ ಮೇಲೆ ಕೂತು, ಕಾಲು ಹೀಗೆ, ಕೈ ಹೀಗೆ ಎಂದು ಹೇಳಿಕೊಟ್ಟೆ. ಒಂದೂವರೆ ಗಂಟೆಯಾಗಿರಬಹುದು. ಅವನು ಬುರುಡೆ ಬಿಚ್ಚಿ, “ಇನ್ನು ಇದ್ನ ನಿಮ್ ಅಟ್ಟಕ್ಕೇ ತಕ್ಕಂಡೋಗಿ ಅಣ್ಣ” ಎಂದು ಮೆಟ್ಟಿಲ ಮೇಲೆ ಇಟ್ಟು, ಬಾವಿಯ ಈ ಗೋಡೆಯಿಂದ ಆ ಗೋಡೆಗೆ ಮೀನಿನ ಹಾಗೆ ಹೋದ. ನನಗೆ ಎರಡು ಬೇಸಿಗೆ ಹಿಡಿದದ್ದು ಅದು. ಹೊಟ್ಟೆಯಲ್ಲಿ ಆ ಹಳೆಯ ಉರಿ, ಎಂಟನೆಯ ವಯಸ್ಸಿನದೇ, ಭಗ್ಗೆಂದು ಹತ್ತಿಕೊಂಡಿತು. ಇಷ್ಟೆಲ್ಲ ಆದ ಮೇಲೆ ಅದು ಆರಿರುತ್ತದೆಂದು ನಾನು ಅಂದುಕೊಂಡಿದ್ದೆ.

ಮಧ್ಯಾಹ್ನ ಎಲೆ ಹಾಕಿದರು. ಉರಿಯುತ್ತಲೇ ಕೂತೆ. ಒಬ್ಬಟ್ಟು ಬಂತು, ಪಾಯಸ ಬಂತು. ಹಳೆಯ ಅಭ್ಯಾಸದಂತೆ ಅವಸರದಲ್ಲಿ ನನ್ನ ಎಲೆ ಖಾಲಿಯಾಯಿತು, ಎಡಗೈ ತಾನಾಗಿ ನೆಲದ ಮೇಲೆ ಊರಿತು. ಪಕ್ಕಕ್ಕೆ ನೋಡಿದೆ. ಗುರುಸ್ವಾಮಿ ಅನ್ನದ ನಡುವೆ ಗುಳಿ ಮಾಡಿ ಮಜ್ಜಿಗೆ ಹುಯ್ಯಿಸಿಕೊಂಡಿದ್ದ. ಉಪ್ಪಿನಕಾಯಿಯನ್ನು ಎಲೆಯ ಅಂಚಿಗೆ ಸರಿಸಿ, ತೋಳನ್ನು ಮೇಲಕ್ಕೆಳೆದುಕೊಂಡು, ಕೈ ಹಾಕದೆ ನನ್ನ ಕಡೆಗೊಮ್ಮೆ ನೋಡಿದ.

ನಾನು ಊರಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡೆ. “ನಂಗೂ ಒಂದೀಟು ಮಜ್ಜಿಗೆ ಹಾಕಿ” ಎಂದೆ.